ಬಣ್ಣದ ಪೆಟ್ಟಿಗೆಯೊಳಗಿನ ಎಣ್ಣೆ ಡಬ್ಬಿ

ಕುಂದಗೋಳ ಎಂದ ಕೂಡಲೇ ಸಂಗೀತ ನೆನಪಾಗುತ್ತದೆ. ನಾಡಿಗೇರ ವಾಡೆ, ಅಲ್ಲಿಗೆ ಬಂದು ಹಾಡುತ್ತಿದ್ದ ಅಬ್ದುಲ್ ಕರೀಂ ಖಾನ್, ಅವರ ಶಿಷ್ಯ ಸವಾಯಿ ಗಂಧರ್ವ, ಗುರುವಿನ ಪಾಠಕ್ಕೆಂದು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಗುರುವಿನ ಮನೆಯಲ್ಲೇ ಇದ್ದು ಕಲಿತ ಭೀಮಸೇನ ಜೋಶಿ. ಈ ಸಾಲಿನಲ್ಲಿ ನಾವು ಅಷ್ಟಾಗಿ ನೆನೆಯದ ಒಂದು ಸಂಗತಿಯಿದೆ. 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ ಎಂಬ ತರುಣನಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಬಂದದ್ದು ಸಂಗೀತ ಕಛೇರಿಯಲ್ಲಲ್ಲ, ನಾಟಕದಿಂದ. ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ಆ ಹೆಸರು ಕೊಟ್ಟಾಗ ರಾಮಭಾವು ನಾಟ್ಯಕಲಾ ಪ್ರವರ್ತಕ ಮಂಡಳಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಮಾಡುವ ಗಾಯಕ ನಟ. ‘ಸೌಭದ್ರ’ದ ಸುಭದ್ರೆಯಾಗಿ ಅವರು ಜನಪ್ರಿಯರಾಗಿದ್ದರು.

ಹಾಗೆಂದರೆ ಅವರ ಬದುಕಿನ ಹಲವು ವರ್ಷಗಳು ಊರಿಂದೂರಿಗೆ ಸಾಗುವುದರಲ್ಲಿ, ರಾತ್ರಿ ಮುಖಕ್ಕೆ ಬಣ್ಣ ಹಚ್ಚುವುದರಲ್ಲಿ, ನಸುಕಿನಲ್ಲಿ ಅದನ್ನು ಒರೆಸುವುದರಲ್ಲಿ ಕಳೆದವು. ಇಂಥ ನಟನ ಸಾಮಾನಿನಲ್ಲಿ ಒಂದು ಪೆಟ್ಟಿಗೆ ಇದ್ದೇ ಇರುತ್ತಿತ್ತು. ನಮ್ಮ ರಂಗಭೂಮಿಯ ಚರಿತ್ರೆಯಲ್ಲಿ ನಾಟಕಕಾರರಿಗೆ, ಮಾಲೀಕರಿಗೆ, ಪರದೆಗಳಿಗೆ, ಹಾಡುಗಳಿಗೆ ಜಾಗ ಸಿಕ್ಕಿದೆ. ಬಣ್ಣದ ಪೆಟ್ಟಿಗೆಗೆ ಸಿಕ್ಕ ಜಾಗ ಕಡಿಮೆ. ಸಿಕ್ಕಾಗಲೂ ಮಾತು ಬಣ್ಣದ್ದೇ. ಅದೇ ಪೆಟ್ಟಿಗೆಯ ಮೂಲೆಯಲ್ಲಿದ್ದ ಎಣ್ಣೆ ಡಬ್ಬಿ, ಹಳೆ ಧೋತರದ ತುಂಡು, ಕಡಲೆ ಹಿಟ್ಟಿನ ಗಂಟು ಯಾರ ಕಣ್ಣಿಗೂ ಬೀಳಲಿಲ್ಲ. ನಟನೊಬ್ಬ ಎಷ್ಟು ವರ್ಷ ರಂಗದ ಮೇಲೆ ಉಳಿಯುತ್ತಾನೆ ಎಂಬುದನ್ನು ತೀರ್ಮಾನಿಸುವುದರಲ್ಲಿ ಬಣ್ಣಕ್ಕಿಂತ ಈ ಮೂರರ ಪಾಲು ಹೆಚ್ಚು ಎಂಬುದು ನನ್ನ ವಾದ.

ಕುಂದಗೋಳದ ಕನ್ನಡದ ಹುಡುಗ ಮರಾಠಿ ನಾಟಕಕ್ಕೆ ಹೋದದ್ದೇಕೆ ಎಂಬುದನ್ನು ಮೊದಲು ನೋಡೋಣ. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಆಳುತ್ತಿದ್ದವರು ಪಟವರ್ಧನರು. ಅದೇ ಮನೆತನದ ಇನ್ನೊಂದು ಕವಲು ಸಾಂಗಲಿಯಲ್ಲಿತ್ತು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟ ನೋಡಿದ ಮೇಲೆ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ನಾಟಕದ ಆರಂಭವನ್ನು ಅಲ್ಲಿಂದಲೇ ಎಣಿಸುತ್ತಾರೆ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಆ ಹೊತ್ತಿಗೆ ಗದಗಿನಲ್ಲಿ ಶಾಂತಕವಿಗಳು ಮರಾಠಿ ನಾಟಕಗಳ ಭರಾಟೆಗೆ ಎದುರಾಗಿ ಕನ್ನಡ ನಾಟಕ ಬರೆದು ಆಡಿಸತೊಡಗಿದ್ದರು. ಹೀಗೆ ಎರಡೂ ಭಾಷೆಯ ಕಂಪನಿಗಳು ಒಂದೇ ಸೀಮೆಯಲ್ಲಿ ಓಡಾಡುತ್ತಿದ್ದವು.

ಓಡಾಟಕ್ಕೆ ದಾರಿ ಮಾಡಿದ್ದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿಯಿಂದ ಒಂದು ಕಡೆ ಅಣ್ಣಿಗೇರಿಯ ಮೇಲೆ ಗದಗಿಗೆ, ಇನ್ನೊಂದು ಕಡೆ ಕುಂದಗೋಳದ ಮೇಲೆ ಹರಿಹರಕ್ಕೆ ಹೋದವು. ನವಲಗುಂದ, ಕಲಘಟಗಿಗಳಿಗೆ ಚಕ್ಕಡಿಯೇ ಗತಿ. ಕಂಪನಿ ಊರು ಬದಲಿಸಿದಾಗ ಪರದೆಗಳ ಸುರುಳಿ, ತಗಡು, ಕಂಬ, ಉಡುಪಿನ ಟ್ರಂಕು, ಅಡುಗೆಯ ಪಾತ್ರೆಗಳೆಲ್ಲ ಒಟ್ಟಿಗೆ ಸಾಗುತ್ತಿದ್ದವು. ಅವು ಕಂಪನಿಯ ಸ್ವತ್ತು. ನಟ ತನ್ನದೆಂದು ಹೊರುತ್ತಿದ್ದುದು ಹಾಸಿಗೆ, ಒಂದೆರಡು ಜೊತೆ ಬಟ್ಟೆ, ಮತ್ತು ಮುಖಕ್ಕೆ ಬೇಕಾದ ಸಾಮಾನು. ಬಣ್ಣದ ಪುಡಿ ಹಸಿಯಾದರೆ ಗಂಟು ಕಟ್ಟುತ್ತದೆ, ಎಣ್ಣೆ ಚೆಲ್ಲಿದರೆ ಸೀರೆ ಹಾಳು. ಆದ್ದರಿಂದ ಒಣದು ಬೇರೆ, ಜಿಡ್ಡಿನದು ಬೇರೆ, ಕನ್ನಡಿ ಬಟ್ಟೆಯ ಮಡಿಕೆಯೊಳಗೆ ಎಂಬ ಕ್ರಮ ತಾನಾಗಿಯೇ ಬೆಳೆಯಿತು. ಪ್ರಯಾಣಕ್ಕೆ ಪ್ರಸಾಧನ ಕಟ್ಟಿಕೊಳ್ಳುವುದು ಇಂದಿನ ವಿಮಾನ ಪ್ರಯಾಣಿಕರು ಕಂಡುಹಿಡಿದ ವಿದ್ಯೆಯೇನಲ್ಲ.

ಬಣ್ಣಗಳಾದರೂ ಯಾವುವು? ಭರತನ ನಾಟ್ಯಶಾಸ್ತ್ರ ಆಹಾರ್ಯದ ಭಾಗದಲ್ಲಿ ಬಿಳಿ, ನೀಲಿ, ಹಳದಿ, ಕೆಂಪು ಎಂಬ ನಾಲ್ಕು ಮೂಲವರ್ಣಗಳನ್ನು ಹೇಳಿ, ಉಳಿದವನ್ನು ಮಿಶ್ರಣದಿಂದ ಪಡೆಯಬೇಕೆನ್ನುತ್ತದೆ. ನಮ್ಮ ನಾಡಿನ ಆಟಗಳಲ್ಲಿ ಬಿಳಿಗೆ ಸಫೇದಾ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ ಬಳಕೆಯಲ್ಲಿದ್ದವು. ಬೆಳ್ಳಗೆ ಕಾಣಬೇಕಾದ ನಾಯಕಿಯ ಮುಖಕ್ಕೆ ಸಫೇದಾದಲ್ಲಿ ಚೂರು ಅರದಾಳ, ಚೂರು ಇಂಗಳೀಕ ಬೆರೆಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿದರೆ ಗೌರವರ್ಣ ಬರುತ್ತದೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ದೂರದ ನೆಲದ ಮೇಲೆ ಕೂತವರಿಗೂ ಮುಖ ಕಾಣಬೇಕು. ಹಾಗಾಗಿ ಲೇಪ ದಪ್ಪವಾಗಿಯೇ ಇರುತ್ತಿತ್ತು.

ಈ ಹೆಸರುಗಳನ್ನು ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅರದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಇಂಗಳೀಕ ಪಾದರಸ ಮತ್ತು ಗಂಧಕದ್ದು. ಎಲ್ಲಕ್ಕಿಂತ ಮೋಸದ ಹೆಸರು ಸಫೇದಾ. ಪೇಟೆಯಲ್ಲಿ ಎರಡು ಬೇರೆ ವಸ್ತುಗಳಿಗೆ ಆ ಒಂದೇ ಹೆಸರಿತ್ತು. ಒಂದು ಸೀಸದ ಬಿಳಿ, ಹಳೆಯ ಕಾಲದಿಂದ ಬಂದದ್ದು. ಇನ್ನೊಂದು ಸತುವಿನ ಬಿಳಿ, ಯುರೋಪಿನಲ್ಲಿ 19ನೇ ಶತಮಾನದ ಮಧ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು. ಸತುವಿನದು ಚರ್ಮಕ್ಕೆ ಬಹುಮಟ್ಟಿಗೆ ನಿರುಪದ್ರವಿ, ಇವತ್ತಿಗೂ ಮುಲಾಮುಗಳಲ್ಲಿದೆ. ಸೀಸದ್ದು ವಿಷ. ಪುಡಿಯ ಪೊಟ್ಟಣದಲ್ಲಿ ಎರಡೂ ಬೆಳ್ಳಗೇ ಕಾಣುತ್ತವೆ. ಸೀಸದ ಬಿಳಿಗೆ ಗಂಧಕದ ಅಂಶವಿರುವ ಬಣ್ಣ ಸೇರಿದರೆ ಕಾಲಾಂತರದಲ್ಲಿ ಕಪ್ಪಿಡುತ್ತದೆ, ಸತುವಿನ ಬಿಳಿ ಹಾಗಾಗುವುದಿಲ್ಲ ಎಂಬುದು ಚಿತ್ರಕಾರರಿಗೆ ಗೊತ್ತಿತ್ತು. ಆದರೆ ದಿನವೂ ಹೊಸದಾಗಿ ಕಲಸಿ ಅಂದೇ ಒರೆಸುವ ನಟನಿಗೆ ಆ ಸುಳಿವು ಸಿಗುವಂತಿರಲಿಲ್ಲ. ಅವನ ಆರೋಗ್ಯ ಅಂಗಡಿಯವನು ಯಾವ ಡಬ್ಬಿಯಿಂದ ತೂಗಿದ ಎಂಬುದರ ಮೇಲೆ ನಿಂತಿತ್ತು.

ಸೀಸ ಇಡಿಯ ಚರ್ಮದ ಮೂಲಕ ಒಳಗಿಳಿಯುವುದು ಕಡಿಮೆ. ಅದು ಹೋಗುವುದು ಬಾಯಿಯಿಂದ, ಉಸಿರಿನಿಂದ, ಗಾಯದಿಂದ. ಕಂಪನಿಯ ನಟನ ರಾತ್ರಿಯಲ್ಲಿ ಈ ಮೂರೂ ದಾರಿಗಳು ತೆರೆದೇ ಇದ್ದವು. ಅಂಕಗಳ ನಡುವೆ ಬಣ್ಣದ ಮುಖದಲ್ಲೇ ಚಹಾ, ಎಲೆ ಅಡಿಕೆ. ಪುಡಿ ಬಡಿಯುವಾಗ ಏಳುವ ಧೂಳು. ಹೆಣ್ಣಿನ ಪಾತ್ರ ಮಾಡುವ ಗಂಡಸಾದರೆ ಬಣ್ಣಕ್ಕೆ ಮೊದಲು ಒತ್ತಿ ಕ್ಷೌರ ಮಾಡಿಕೊಳ್ಳಲೇಬೇಕು. ಕತ್ತಿಯಿಂದ ತರಚಿದ ಗಲ್ಲದ ಮೇಲೆಯೇ ಲೇಪ.

ಎಣ್ಣೆ ಡಬ್ಬಿಯ ಕೆಲಸ ಇಲ್ಲಿ ಶುರುವಾಗುತ್ತದೆ. ಬಣ್ಣಕ್ಕಿಂತ ಮೊದಲು ಮುಖಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿದರೆ ಲೇಪ ಸಮನಾಗಿ ಕೂರುತ್ತದೆ, ಚರ್ಮಕ್ಕೂ ಬಣ್ಣಕ್ಕೂ ನಡುವೆ ಒಂದು ಪದರ ಬರುತ್ತದೆ. ಆಟ ಮುಗಿದ ಮೇಲೆ ಮತ್ತೆ ಎಣ್ಣೆ. ಎಣ್ಣೆಯಲ್ಲಿ ಕಲಸಿದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೇ ಬಿಡುತ್ತದೆ. ಅದನ್ನು ತಿಕ್ಕದೆ ಮೆತ್ತನೆಯ ಹಳೆ ಬಟ್ಟೆಯಲ್ಲಿ ಒತ್ತಿ ತೆಗೆದು, ಉಳಿದ ಜಿಡ್ಡನ್ನು ಕಡಲೆ ಹಿಟ್ಟಿನಲ್ಲಿ ತೊಳೆಯುವುದು ಕ್ರಮ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇತ್ತು. ಅಲ್ಲಿ ನೆಲದಡಿಯ ನೀರು ಸವಳು. ಕುಡಿಯಲು ಕೆರೆಯ ನೀರನ್ನೇ ನೆಚ್ಚಿದ್ದ ಊರುಗಳವು. ಸವಳು ನೀರಿನಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ, ಚರ್ಮ ಮತ್ತಷ್ಟು ಒಡೆಯುತ್ತದೆ. ಕೆರೆಯ ನೀರನ್ನು ಮುಖ ತೊಳೆಯಲು ಧಾರಾಳವಾಗಿ ಚೆಲ್ಲುವಂತಿಲ್ಲ. ಒಂದು ತಂಬಿಗೆಯಲ್ಲಿ ಕೆಲಸ ಮುಗಿಸಬೇಕಾದವನಿಗೆ ಎಣ್ಣೆ, ಬಟ್ಟೆ, ಹಿಟ್ಟು ಮೂರೇ ಸರಿ. ಕಡಲೆ ಈ ಸೀಮೆಯ ಹಿಂಗಾರಿ ಬೆಳೆ. ಅದನ್ನು ಎಲ್ಲಿಂದಲೂ ತರಿಸಬೇಕಿರಲಿಲ್ಲ.

ಈ ತಿಳಿವಳಿಕೆ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’, 12ನೇ ಶತಮಾನದ ಕೃತಿ, ರಾಜನ ಭೋಗಗಳ ಸಾಲಿನಲ್ಲಿ ಅಭ್ಯಂಗ, ಸ್ನಾನ, ವಿಲೇಪನಗಳನ್ನು ವಿವರಿಸುತ್ತದೆ. ಅದೇ ವಂಶ ತನ್ನ ಕೊನೆಯ ದಿನಗಳಲ್ಲಿ ಅಣ್ಣಿಗೇರಿಯನ್ನು ರಾಜಧಾನಿ ಮಾಡಿಕೊಂಡಿತ್ತು. ರಾಜನ ಮೈಗೆ ಹಚ್ಚುವ ಎಣ್ಣೆ ಸಂಸ್ಕೃತದಲ್ಲಿ ದಾಖಲಾಯಿತು. ಅದೇ ಅಣ್ಣಿಗೇರಿಯ ನಿಲ್ದಾಣದಲ್ಲಿ ಎಂಟು ಶತಮಾನಗಳ ಬಳಿಕ ಇಳಿದ ನಟರ ಎಣ್ಣೆ ಡಬ್ಬಿಯ ಬಗ್ಗೆ ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎಲ್ಲ ನಟರ ಪೆಟ್ಟಿಗೆಯೂ ಒಂದೇ ಆಗಿರಲಿಲ್ಲ. ಬಾಲಗಂಧರ್ವರ ಹೆಸರಿನ ಕಂಪನಿ 1913ರಲ್ಲಿ ಶುರುವಾದ ಮೇಲೆ ಅವರ ಸೀರೆ, ಒಡವೆ, ಅತ್ತರುಗಳ ವೈಭವ ದಂತಕಥೆಯಾಯಿತು. ಅವರು ಸೀರೆ ಉಡುವ, ಹೂ ಮುಡಿಯುವ ರೀತಿಯನ್ನು ಮನೆಯ ಹೆಂಗಸರು ಅನುಕರಿಸಿದರು. ಸಾಬೂನು, ಪೌಡರುಗಳ ಮಾರಾಟಕ್ಕೆ ಅವರ ಚಿತ್ರ ಬಳಕೆಯಾಯಿತು. ಆದರೆ ಅದೇ ಕಾಲದಲ್ಲಿ ಸಣ್ಣ ಕಂಪನಿಯ ಸಖಿಯ ಪಾತ್ರದ ಹುಡುಗ ಪುಡಿಯನ್ನು ಪೊಟ್ಟಣದ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ವಿದೇಶದಲ್ಲಿ ಆಗಲೇ ಬೇರೆ ದಾರಿ ತೆರೆದಿತ್ತು. ಬರ್ಲಿನ್ನಿನ ಗಾಯಕ ಲುಡ್ವಿಗ್ ಲೈಶ್ನರ್ 1873ರಲ್ಲಿ ಸೀಸವಿಲ್ಲದ ಜಿಡ್ಡಿನ ಬಣ್ಣದ ಕಡ್ಡಿಗಳನ್ನು ಮಾರಾಟಕ್ಕೆ ತಂದಿದ್ದ. ಅವನೂ ರಂಗದ ಮೇಲೆ ನಿಲ್ಲುವ ಮನುಷ್ಯ, ಬಣ್ಣದ ವಿಷ ಏನೆಂದು ಬಲ್ಲವನು. ಸಂಖ್ಯೆ ಹಾಕಿದ ಆ ಕಡ್ಡಿಗಳು ಲೋಕದ ರಂಗಭೂಮಿಗಳಲ್ಲೆಲ್ಲ ಹಬ್ಬಿದವು. ಹಣವಿದ್ದವನ ಮುಖಕ್ಕೆ ಸುರಕ್ಷಿತ ಬಣ್ಣ, ಇಲ್ಲದವನ ಮುಖಕ್ಕೆ ಹೆಸರು ಗೊತ್ತಿರದ ಬಿಳಿ ಪುಡಿ ಎಂಬ ಭೇದ ಹೀಗೆ ಹುಟ್ಟಿತು.

ಹೆಣ್ಣುಮಕ್ಕಳು ರಂಗಕ್ಕೆ ಬಂದ ಮೇಲೆ ಪೆಟ್ಟಿಗೆಯ ಅರ್ಥವೇ ಬದಲಾಯಿತು. ಉತ್ತರ ಕರ್ನಾಟಕದಲ್ಲಿ ಇದು ಬೇಗನೇ ಆಯಿತು. ಕೊಣ್ಣೂರ ಕಂಪನಿಯಲ್ಲಿ ಗುರ್ಲಹೊಸೂರಿನ ಯಲ್ಲವ್ವ ನಟಿಸಿದರು. ಕುಂದಗೋಳಕ್ಕೆ ನೆರೆಯ ಲಕ್ಷ್ಮೇಶ್ವರದ ಬಚ್ಚಾಸಾನಿ ಸ್ತ್ರೀಯರ ಕಂಪನಿಯನ್ನೇ ನಡೆಸಿದರು. 1930ರ ದಶಕದ ಕೊನೆಯಲ್ಲಿ ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಕಂಪನಿ ಸೇರಿ, ಅವರು ಮೆರೆದ ಪಾತ್ರಗಳಲ್ಲಿ ತಾವೇ ನಿಂತರು. ಗಂಡಸು ಬಣ್ಣ ಒರೆಸಿದ ಕೂಡಲೇ ಪಾತ್ರದಿಂದ ಹೊರಬರುತ್ತಿದ್ದ. ಹೆಣ್ಣಿಗೆ ಆ ಅನುಕೂಲವಿರಲಿಲ್ಲ. ಹಗಲು ಸಂತೆಗೆ ಹೋದರೂ ಆಕೆ ‘ನಾಟಕದಾಕಿ’. ಹುಬ್ಬಿನ ಅಂಚಿನಲ್ಲಿ ಉಳಿದ ಕಾಡಿಗೆ, ಕಿವಿಯ ಹಿಂದೆ ಉಳಿದ ಬಿಳಿ ಗೆರೆ ಆಕೆಯ ಕಸುಬನ್ನು ಊರಿಗೆ ಸಾರಿಬಿಡುತ್ತಿತ್ತು. ಬಾಡಿಗೆ ಮನೆ ಸಿಗುವುದು, ಬಿಡುವುದು ಆ ಗುರುತಿನ ಮೇಲೆ ನಿಂತಿರುತ್ತಿತ್ತು. ಹೀಗೆ ಪೂರ್ತಿ ಅಳಿಸುವುದು ಚರ್ಮದ ಆರೈಕೆಯ ಜೊತೆಗೆ ಮಾನದ ಪ್ರಶ್ನೆಯೂ ಆಯಿತು.

ಮುಂದಿನದು ಪೇಟೆಯ ಕಥೆ. 1919ರಲ್ಲಿ ಮುಂಬಯಿಯ ಅಫ್ಘಾನ್ ಸ್ನೋ ಬಂತು. 1952ರಲ್ಲಿ ಟಾಟಾ ಸಂಸ್ಥೆಯ ಲ್ಯಾಕ್ಮೆ ಬಂತು. ಆ ಹೆಸರು ಒಂದು ಫ್ರೆಂಚ್ ಸಂಗೀತ ನಾಟಕದ ನಾಯಕಿಯದು, ಮೂಲದಲ್ಲಿ ನಮ್ಮ ಲಕ್ಷ್ಮಿಯೇ. ಸವಾಯಿ ಗಂಧರ್ವರು ತೀರಿಕೊಂಡದ್ದೂ ಅದೇ ವರ್ಷ. ರಂಗದ ಮೇಲಿನ ಹೆಣ್ಣಿಗೆ ಅಪವಾದವಾಗಿದ್ದ ಸ್ನೋ, ಪೌಡರುಗಳು ಮೆಲ್ಲಗೆ ಮನೆಯ ಹೆಣ್ಣಿನ ಟ್ರಂಕಿಗೂ ಇಳಿದವು. ತವರಿಗೆ ಹೊರಟವಳ ಗಂಟಿನಲ್ಲಿ ಕುಂಕುಮದ ಭರಣಿ, ಅರಿಷಿಣ, ಕಾಡಿಗೆ ಡಬ್ಬಿಗಳ ಪಕ್ಕ ಒಂದು ಪೌಡರ್ ಡಬ್ಬಿಗೂ ಜಾಗವಾಯಿತು. ನಾಟಕದವರಿಂದ ಕಲಿತದ್ದನ್ನು ಊರು ಒಪ್ಪಿಕೊಂಡಿತು, ಕಲಿಸಿದವರನ್ನು ಒಪ್ಪಿಕೊಳ್ಳಲು ಇನ್ನೂ ಬಹಳ ಕಾಲ ಹಿಡಿಯಿತು.

ಕುಂದಗೋಳ ತಾಲೂಕಿನ ಗುಡಗೇರಿಯ ಹೆಸರು ಹೊತ್ತ ಕಂಪನಿ ಮುಂದೆಯೂ ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ತಿರುಗಿತು. ಸಫೇದಾದ ಜಾಗಕ್ಕೆ ಕೊಳವೆಯ ಬಣ್ಣ, ಕೇಕುಗಳು ಬಂದವು, ತಗಡಿನ ಪೆಟ್ಟಿಗೆಯ ಜಾಗಕ್ಕೆ ಪ್ಲಾಸ್ಟಿಕ್ಕಿನದು. ಆದರೂ ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆಯ ಬಾಟಲಿಗೆ ಕೈ ಚಾಚುವ ರೂಢಿ ರಂಗದ ಜನರಲ್ಲಿ ಹೋಗಿಲ್ಲ.

ರಂಗಚರಿತ್ರೆ ಓದುವ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸ ಕಾದಿದೆ. ನಮ್ಮ ಸೀಮೆಯ ಹಿರಿಯ ನಟ ನಟಿಯರನ್ನು ಮಾತಾಡಿಸುವಾಗ ನಾವು ಸಾಮಾನ್ಯವಾಗಿ ಕೇಳುವುದು ಯಾವ ಪಾತ್ರ, ಯಾವ ಹಾಡು, ಎಷ್ಟು ಪ್ರಯೋಗ ಎಂದು. ಬಣ್ಣ ಎಲ್ಲಿಂದ ತರುತ್ತಿದ್ದಿರಿ, ಯಾರ ದುಡ್ಡಿನಲ್ಲಿ, ಮುಖ ಉರಿದಾಗ ಏನು ಹಚ್ಚುತ್ತಿದ್ದಿರಿ, ನೀರಿಲ್ಲದ ಊರಲ್ಲಿ ಹೇಗೆ ತೊಳೆಯುತ್ತಿದ್ದಿರಿ ಎಂದೂ ಕೇಳಬೇಕು. ಉತ್ತರ ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಸುಭದ್ರೆಯ ಚೆಲುವನ್ನು ಪ್ರೇಕ್ಷಕರು ನೆನಪಿಟ್ಟುಕೊಂಡರು. ಆ ಚೆಲುವಿಗೆ ದಿನವೂ ಚರ್ಮ ತೆತ್ತ ಬೆಲೆ ಎಷ್ಟೆಂದು ಹೇಳಬಲ್ಲವರು ಆ ಪೆಟ್ಟಿಗೆ ಹೊತ್ತವರು ಮಾತ್ರ.