ಬಗ್ದಾದಿನ ಮುತಅಲ್ಲಿಮರು ಎಲ್ಲಿ ತಂಗಿದರು?

ಅಬ್ಬಾಸಿ ಖಲೀಫ ಅಲ್ ಮನ್ಸೂರರು ಕ್ರಿ.ಶ. 762ರಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ಬಗ್ದಾದ್ ನಗರದ ನಿರ್ಮಾಣವನ್ನು ಆರಂಭಿಸಿದರು. ಮುಂದಿನ ಹಲವು ಶತಮಾನಗಳ ಕಾಲ ಜ್ಞಾನಾರ್ಜನೆಗಾಗಿ ಊರು ತೊರೆದ ಅದೆಷ್ಟೋ ಯುವಕರು ಆ ನಗರವನ್ನೇ ಅರಸಿ ಬಂದರು. ಅಲ್ಲಿನ ಇಮಾಮರ ಕುರಿತು, ಅವರ ಗ್ರಂಥಗಳ ಕುರಿತು ನಾವು ಧಾರಾಳವಾಗಿ ಕೇಳಿದ್ದೇವೆ. ಆದರೆ ದೂರದೂರಿನಿಂದ ಬಂದ ವಿದ್ಯಾರ್ಥಿ ರಾತ್ರಿ ಎಲ್ಲಿ ಮಲಗಿದ, ಯಾರ ಅನ್ನ ಉಂಡ ಎಂಬುದು ನಮ್ಮ ಪ್ರವಚನಗಳಲ್ಲಿ ಬರುವುದು ಅಪರೂಪ. ಮಗನನ್ನೋ ಮಗಳನ್ನೋ ಓದಲೆಂದು ಬೆಂಗಳೂರಿಗೆ ಕಳುಹಿಸುವ ತಾಯಿ ಮೊದಲು ಕೇಳುವ ಪ್ರಶ್ನೆಯಾದರೋ ಅದೇ.

ನಮ್ಮ ಕರಾವಳಿಯ ಮಸೀದಿ ದರ್ಸ್‌ಗಳಲ್ಲಿ ಮುತಅಲ್ಲಿಮರಿಗೆ ಜಮಾಅತಿನ ಮನೆಗಳಲ್ಲಿ ಊಟ ಗೊತ್ತುಮಾಡುವ ಪದ್ಧತಿ ಬೆಳೆದುಬಂದಿದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದು ಸಲೀಸು. ಪಕ್ಕದ ಬೀದಿಯವನ ಹೆಸರೇ ತಿಳಿಯದ ಮಹಾನಗರದಲ್ಲಿ ಬೇರೆಯೇ ವ್ಯವಸ್ಥೆ ಬೇಕಾಗುತ್ತದೆ.

ಹನ್ನೊಂದನೆಯ ಶತಮಾನದಲ್ಲಿ ಬಗ್ದಾದಿನ ಬಾಬುಲ್ ಮರಾತಿಬ್ ಎಂಬ ಬಡಾವಣೆಯ ಮಸೀದಿಯೊಂದರಲ್ಲಿ ಇಮಾಮ್ ಅಬೂ ಇಸ್‌ಹಾಕ್ ಅಶ್ಶೀರಾಝಿ(ರ) ಶಾಫಿಈ ಕರ್ಮಶಾಸ್ತ್ರವನ್ನು ಬೋಧಿಸುತ್ತಿದ್ದರು. ಮಸೀದಿಯ ಎದುರಿಗೇ ಒಂದು ಖಾನ್, ಅಂದರೆ ಪರವೂರಿನವರು ತಂಗುವ ವಸತಿಗೃಹ, ಇತ್ತು. ಅವರ ಶಿಷ್ಯರು ಅಲ್ಲಿಯೇ ವಾಸವಾಗಿದ್ದರು. ಹೆಚ್ಚೆಂದರೆ ಇಪ್ಪತ್ತು ಮಂದಿ, ಕಡಿಮೆಯೆಂದರೆ ಹತ್ತು ಮಂದಿ ಇರುತ್ತಿದ್ದೆವು ಎಂದು ಅವರಲ್ಲೊಬ್ಬರಾದ ಅಬೂ ಅಲಿ ಅಲ್ ಫಾರಿಕಿ ನೆನಪಿಸಿಕೊಂಡಿದ್ದಾರೆ. ನಾಲ್ಕು ವರ್ಷಗಳಲ್ಲಿ ಪಾಠ ಪೂರ್ಣಗೊಳ್ಳುತ್ತಿತ್ತು. ಗುರುಗಳೂ ಫಾರಿಸ್ ಪ್ರಾಂತದ ಫೀರೂಝಾಬಾದಿನಿಂದ ಬಂದ ಪರವೂರಿನವರೇ. ಬಡತನದಿಂದಾಗಿ ಅವರಿಗೆ ಹಜ್ಜ್ ಯಾತ್ರೆಯೂ ಸಾಧ್ಯವಾಗಲಿಲ್ಲವಂತೆ.

ಸೆಲ್ಜೂಕ್ ಮಂತ್ರಿ ನಿಝಾಮುಲ್ ಮುಲ್ಕ್ ಅದೇ ನಗರದಲ್ಲಿ ಭವ್ಯವಾದ ಮದ್ರಸವೊಂದನ್ನು ಕಟ್ಟಿಸಿ, ಅದಕ್ಕೆ ವಕ್ಫ್ ಆಸ್ತಿಗಳನ್ನು ಬಿಟ್ಟುಕೊಟ್ಟರು. ಅದೇ ನಿಝಾಮಿಯ್ಯ. 1067ರಲ್ಲಿ, ಹಿಜರಿ 459ರಲ್ಲಿ, ಉದ್ಘಾಟನೆಯ ದಿನ ಜನ ಕಿಕ್ಕಿರಿದು ಕಾದರು. ಮುದರ್ರಿಸರಾಗಬೇಕಿದ್ದ ಶೀರಾಝಿಯವರು ಬರಲೇ ಇಲ್ಲ! ಈ ಕಟ್ಟಡಕ್ಕಾಗಿ ಅನ್ಯರ ಸೊತ್ತನ್ನು ಅನ್ಯಾಯವಾಗಿ ಕಸಿದುಕೊಳ್ಳಲಾಗಿದೆ, ಅಲ್ಲಿ ಕುಳಿತು ಹೇಗೆ ಪಾಠ ಹೇಳುತ್ತೀರಿ ಎಂದು ದಾರಿಯಲ್ಲಿ ಯುವಕನೊಬ್ಬ ಕೇಳಿದನೆಂದೂ ಅವರು ಹಿಂದಿರುಗಿದರೆಂದೂ ಚರಿತ್ರಕಾರರು ಬರೆಯುತ್ತಾರೆ. ಅವರ ಸ್ಥಾನದಲ್ಲಿ ಇಬ್ನುಸ್ಸಬ್ಬಾಗ್‌ರನ್ನು ಕುಳ್ಳಿರಿಸಲಾಯಿತು. ಆಗ ಶೀರಾಝಿಯವರ ಶಿಷ್ಯರೇ ಅಸಮಾಧಾನಗೊಂಡು, ತಾವು ಇಬ್ನುಸ್ಸಬ್ಬಾಗ್‌ರ ಬಳಿಗೆ ಹೋಗುವುದಾಗಿ ಹೇಳಿದರು. ಇಪ್ಪತ್ತು ದಿನಗಳ ಬಳಿಕ ಗುರುಗಳು ಮದ್ರಸಕ್ಕೆ ಬಂದರು. ಆದರೆ ನಮಾಝಿನ ಹೊತ್ತಾದಾಗ ಹೊರಗೆದ್ದು ಬೇರೊಂದು ಮಸೀದಿಗೆ ತೆರಳುತ್ತಿದ್ದರೆಂದು ವರದಿಯಿದೆ.

ಈ ಶಿಷ್ಯರನ್ನು ಲೋಭಿಗಳೆಂದು ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಖಾನ್‌ನಲ್ಲಿದ್ದು ಪರನಗರದಲ್ಲಿ ಓದುವವನಿಗೆ ವಸತಿಯೂ ವೇತನವೂ ಇರುವ ಮದ್ರಸ ಏನಾಗಿ ಕಂಡಿರಬೇಕೆಂಬುದನ್ನು ಊಹಿಸಬಹುದು. ಗುರುವಿನ ದೇವಭಯವೂ ಸತ್ಯ, ಶಿಷ್ಯರ ಅಗತ್ಯವೂ ಸತ್ಯ. ಮಹಾನಗರದ ವಿದ್ಯೆಗೆ ಹಣ ಬೇಕು. ಆ ಹಣ ಎಲ್ಲಿಂದ ಬಂತೆಂಬ ಪ್ರಶ್ನೆ ನಿಝಾಮಿಯ್ಯದ ಬಾಗಿಲು ತೆರೆದ ದಿನವೇ ಎದ್ದಿತು. 1091ರಲ್ಲಿ ಅದೇ ಪೀಠವೇರಿದ ಇಮಾಮ್ ಗಝ್ಝಾಲಿ(ರ) ನಾಲ್ಕೇ ವರ್ಷಗಳಲ್ಲಿ ಅದನ್ನು ತೊರೆದು ಹೊರಟರು. ಅವರನ್ನು ಕಾಡಿದ್ದು ಕಟ್ಟಡದ ಸೊತ್ತಲ್ಲ, ತಾನು ಬೋಧಿಸುತ್ತಿರುವುದು ಕೀರ್ತಿಗಾಗಿಯೇ ಎಂಬ ಶಂಕೆ.

ಖಲೀಫ ಅಲ್ ಮುಸ್ತನ್ಸಿರ್ 1234ರಲ್ಲಿ ಟೈಗ್ರಿಸ್‌ನ ಪೂರ್ವ ದಡದಲ್ಲಿ ತೆರೆದ ಮುಸ್ತನ್ಸಿರಿಯ್ಯದಲ್ಲಿ ವ್ಯವಸ್ಥೆ ಇನ್ನಷ್ಟು ಖಚಿತವಾಯಿತು. ನಾಲ್ಕೂ ಮದ್‌ಹಬ್‌ಗಳಿಗೆ ತಲಾ 62ರಂತೆ ಒಟ್ಟು 248 ವಿದ್ಯಾರ್ಥಿಗಳು. ಅವರಿಗೆ ಕೊಠಡಿ, ಆಹಾರ, ಮಾಸಿಕ ವೇತನ, ಗ್ರಂಥಾಲಯ. ಎಲ್ಲವೂ ವಕ್ಫ್‌ನ ಆದಾಯದಿಂದ. ಊರಿನಲ್ಲಿ ಒಂದು ಮನೆ ಒಬ್ಬ ಮುತಅಲ್ಲಿಮನಿಗೆ ಮಾಡುತ್ತಿದ್ದ ಉಪಕಾರವನ್ನು ಇಲ್ಲಿ ಹೊಲಗಳು, ಅಂಗಡಿಗಳು ವರ್ಷವರ್ಷವೂ ಮಾಡುತ್ತಿದ್ದವು.

1258ರಲ್ಲಿ ಹುಲಾಗುವಿನ ಸೈನ್ಯ ಬಗ್ದಾದನ್ನು ಸೂರೆಗೈದು, ಖಲೀಫರನ್ನು ಕೊಂದಿತು. ಮುಸ್ತನ್ಸಿರಿಯ್ಯದ ಕಟ್ಟಡ ಉಳಿಯಿತು. 1327ರಲ್ಲಿ ಅಲ್ಲಿಗೆ ಬಂದ ಇಬ್ನು ಬತೂತ ನಾಲ್ಕೂ ಮದ್‌ಹಬ್‌ಗಳ ಪಾಠ ನಡೆಯುತ್ತಿದ್ದುದನ್ನು ಕಂಡರು. ಮುದರ್ರಿಸರು ಮರದ ಪುಟ್ಟ ಗುಮ್ಮಟದ ಕೆಳಗೆ ಕುಳಿತಿರುತ್ತಿದ್ದರು. ಎಡಬಲಗಳಲ್ಲಿ ಇಬ್ಬರು ಸಹಾಯಕರು ಅವರ ಮಾತುಗಳನ್ನು ಪುನರುಚ್ಚರಿಸುತ್ತಿದ್ದರು. ಮದ್ರಸದ ಒಳಗೇ ವಿದ್ಯಾರ್ಥಿಗಳಿಗೆ ಸ್ನಾನಗೃಹವೂ ವುಝೂ ಮಾಡುವ ಸ್ಥಳವೂ ಇದ್ದುದನ್ನು ಅವರು ಮರೆಯದೆ ಬರೆದಿಟ್ಟಿದ್ದಾರೆ.