ಹಣ್ಣಿನ ಊರು, ಬೇರಿನ ಊರು

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಕಿತ್ತಳೆ ಕೊಳ್ಳುವಾಗ ನಾವು ಅದರ ಊರನ್ನು ಕೇಳುತ್ತೇವೆ: ಕೊಡಗೋ, ನಾಗಪುರವೋ? ಬೇರನ್ನು ಕೇಳುವವರಿಲ್ಲ. ಕಸಿಯ ಮರದಲ್ಲಿ ಹಣ್ಣು ಒಂದು ಜಾತಿಯದು, ಬೇರು ಮತ್ತೊಂದರದು. ಬೇರುಸಸಿ ಎನಿಸಿಕೊಳ್ಳುವ ಈ ಅಡಿಗಿಡದ ಆಯ್ಕೆಗೆ ದೀರ್ಘವಾದ, ಬಹುಮಟ್ಟಿಗೆ ದುಃಖದ, ಚರಿತ್ರೆಯೊಂದಿದೆ.

1842ರ ಹೊತ್ತಿಗೆ ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳಲ್ಲಿ ಕಿತ್ತಳೆಯ ಮರಗಳು ಬುಡದಲ್ಲಿ ಅಂಟು ಸುರಿಸಿ ಕೊಳೆತು ಸತ್ತವು. ನೀರು ನಿಂತ ಮಣ್ಣಿನಲ್ಲಿ ಹಬ್ಬುವ ಫೈಟಾಫ್ತರಾ ಎಂಬ ರೋಗಾಣು ಇದಕ್ಕೆ ಕಾರಣ. ಹುಳಿ ಕಿತ್ತಳೆಯ ಬೇರು ಈ ಕೊಳೆತಕ್ಕೆ ಸುಲಭವಾಗಿ ಜಗ್ಗದೆಂದು ಕಂಡುಬಂದು ಅನೇಕ ದೇಶಗಳು ಅದನ್ನೇ ಆಶ್ರಯಿಸಿದವು. 1930ರ ದಶಕದ ಕೊನೆಗೆ ಬ್ರೆಜಿಲ್ಲಿನಲ್ಲಿ ಆ ಆಶ್ರಯವೇ ಕುಸಿಯಿತು. ಸಸ್ಯಹೇನು ಹೊತ್ತು ತರುವ ವೈರಾಣುವೊಂದು ಹುಳಿ ಕಿತ್ತಳೆಯ ಮೇಲೆ ಕಸಿಯಾದ ಮರಗಳನ್ನೇ ಹಿಡಿದು, ಲಕ್ಷಗಟ್ಟಲೆ ಮರಗಳನ್ನು ಬಲಿ ತೆಗೆದುಕೊಂಡಿತು. ಅಲ್ಲಿಯವರು ಅದಕ್ಕೆ ಇಟ್ಟ ಹೆಸರು ಟ್ರಿಸ್ಟೆಜಾ. ಪೋರ್ಚುಗೀಸಿನಲ್ಲಿ ದುಃಖ ಎಂದರ್ಥ. ರೋಗಕ್ಕೆ ಇಷ್ಟು ಒಪ್ಪುವ ಹೆಸರು ಅಪರೂಪ. ಅಲ್ಲಿನ ತೋಟಗಳನ್ನು ಮತ್ತೆ ಎತ್ತಿ ನಿಲ್ಲಿಸಿದ್ದು, ಇಂದು ಬಾಂಗ್ಲಾದೇಶದಲ್ಲಿರುವ ರಂಗಪುರದ ಹೆಸರು ಹೊತ್ತ ನಿಂಬೆ. ಅದು ವೈರಾಣುವನ್ನೂ ತಾಳುತ್ತದೆ, ಬರವನ್ನೂ ತಾಳುತ್ತದೆ. ಆದರೆ ನೀರು ಬಸಿಯದ ಜಿಗುಟು ಮಣ್ಣಿನಲ್ಲಿ ಅದರ ಬೇರಿಗೂ ಕೊಳೆತ ತಪ್ಪದು.

ನಮ್ಮ ಕೊಡಗಿಗೆ ಈ ನಿಂಬೆ ಬಂದದ್ದು ತಡವಾಗಿ. ಕಾಫಿಯ ನಡುವೆ ಬೀಜದಿಂದಲೇ ಕಿತ್ತಳೆ ಬೆಳೆಸುವುದು ಅಲ್ಲಿನ ರೂಢಿ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೇರುಕೊಳೆತ, ವೈರಾಣು, ಗ್ರೀನಿಂಗ್ ರೋಗಗಳು ಒಟ್ಟಾಗಿ ಎರಗಿ ತೋಟಗಳು ಬರಿದಾದವು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಬೇರುಸಸಿಗಳನ್ನು ಪರೀಕ್ಷಿಸಿತು. ಕೊಡಗಿನ ಕಿತ್ತಳೆಗೆ ರಂಗಪುರ ನಿಂಬೆ ಶಿಫಾರಸಾಯಿತು. ಗ್ರೀನಿಂಗ್‌ಗೆ ಮಾತ್ರ ಯಾವ ಬೇರೂ ಮದ್ದಲ್ಲ. ಕೊಡಗಿನ ಕಷ್ಟವೂ ಇಮ್ಮಡಿಯಾದುದು: ಮುಂಗಾರಿನಲ್ಲಿ ತಿಂಗಳುಗಟ್ಟಲೆ ನೆನೆಯುವ ಬೇರೇ ಫೆಬ್ರವರಿ, ಮಾರ್ಚಿಯಲ್ಲಿ ಬಾಯಾರಬೇಕು. ಬೇರುಸಸಿ ಬರವನ್ನು ನೋಡಿಕೊಂಡರೆ, ನೀರನ್ನು ಇಳಿಜಾರು, ಬಸಿಗಾಲುವೆಗಳೇ ನೋಡಿಕೊಳ್ಳಬೇಕು.

ಇದೇ ಇಬ್ಬಂದಿಯನ್ನು ಕೆ.ಆರ್. ಪುರದ ಕಡೆಯ ಕೆರೆಗಳ ಬಳಿ ಚಿಕ್ಕದಾಗಿ ಕಾಣಬಹುದು. ಏರುಭೂಮಿಯ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದು. ಅಲ್ಲಿ ರಂಗಪುರ ನಿಂಬೆ ಒಪ್ಪುತ್ತದೆ. ಏರಿಯ ಕೆಳಗಿನ ಹಳೆಯ ಗದ್ದೆಯ ಮಣ್ಣು ಬೇರೆ. ಚೀನಾ ಮೂಲದ ಮೂರೆಲೆಯ ಕಿತ್ತಳೆ ಅಂಥ ತೇವವನ್ನೂ ಕೊಳೆತವನ್ನೂ ಸಹಿಸುತ್ತದೆ, ಆದರೆ ಬರಕ್ಕೆ ಅಂಜುತ್ತದೆ, ಸುಣ್ಣದ ಮಣ್ಣಿನಲ್ಲಿ ಹಳದಿಗಟ್ಟುತ್ತದೆ. ಎರಡು ಗುಣಗಳನ್ನೂ ತುಂಬಿಕೊಂಡ ಬೇರನ್ನು ಬಯಸುವುದು ಸಹಜ, ಸಿಗುವುದು ಕಷ್ಟ.

ಇಂದಿರಾನಗರದ ಹಿತ್ತಿಲಲ್ಲಿ ಕಸಿಯ ಗಿಡ ನೆಡುವವರು ಗುಂಡಿ ತೋಡಿ ಒಂದು ಕೊಡ ನೀರು ಸುರಿದು ನೋಡಲಿ. ಮರುದಿನವೂ ನೀರು ನಿಂತಿದ್ದರೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡುವುದು ಲೇಸು. ಕಸಿಯ ಗಂಟು ಮಾತ್ರ ಮಣ್ಣಿನಿಂದ ಒಂದು ಗೇಣು ಮೇಲಿರಲಿ.