ಕಾಣದ ಹಕ್ಕಿ ಇಲ್ಲದ ಹಕ್ಕಿಯೇ?

ಕುಮಾರಿಲಭಟ್ಟನ ಮತವನ್ನನುಸರಿಸುವ ಮೀಮಾಂಸಕರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಹೇಳುತ್ತಾರೆ. ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣಲಿಲ್ಲ. ಆದಕಾರಣ ಅಲ್ಲಿ ಗಡಿಗೆಯಿಲ್ಲ ಎಂದು ತಿಳಿಯುವುದೇ ಅದು. ಆದರೆ ಇದಕ್ಕೊಂದು ಕಟ್ಟುಪಾಡುಂಟು. ಇದ್ದಿದ್ದರೆ ಕಂಡೇ ತೀರಬೇಕಾಗಿದ್ದ ವಸ್ತು ಕಾಣದಿದ್ದಾಗ ಮಾತ್ರ ಅದು ಪ್ರಮಾಣ. ಕತ್ತಲೆಯಲ್ಲಿ ನಿಂತು ಗಡಿಗೆಯಿಲ್ಲವೆನ್ನುವವನ ಮಾತು ನಿಲ್ಲದು. ಈ ಸೂಕ್ಷ್ಮವನ್ನು ಮರೆತರೆ ಏನಾಗುವುದೆಂಬುದಕ್ಕೆ ಆಂಧ್ರದೇಶದ ಒಂದು ಹಕ್ಕಿಯ ಚರಿತ್ರೆಯೇ ಸಾಕ್ಷಿ.

ಈಸ್ಟ್ ಇಂಡಿಯಾ ಕಂಪನಿಯಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬಾತನಿಂದ ಈ ಹಕ್ಕಿ ವಿದ್ವಾಂಸರಿಗೆ ಪರಿಚಯವಾಯಿತು. 1848ರಲ್ಲಿ ಬ್ಲೈತ್ ಎಂಬ ಪಂಡಿತನು ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಎದೆಯ ಮೇಲೆ ಎರಡು ಪಟ್ಟಿಗಳುಳ್ಳ, ನೆಲದ ಮೇಲೆ ಓಡಾಡುವ ಹಕ್ಕಿಯಿದು. ಜೆರ್ಡನ್ ಕೋರ್ಸರ್ ಎಂಬುದು ಅದರ ಇಂಗ್ಲಿಷ್ ಹೆಸರು. 1900ರಲ್ಲಿ ಅನಂತಪುರದ ಬಳಿ ಒಮ್ಮೆ ಕಂಡದ್ದೇ ಕಡೆ. ಮುಂದೆ ಎಂಬತ್ತಾರು ವರ್ಷ ಅದನ್ನು ನೋಡಿದೆನೆಂದು ಬರೆದಿಟ್ಟ ವಿದ್ವಾಂಸರಿಲ್ಲ. ಹುಡುಕಿದವರಿದ್ದರು, ಸಿಕ್ಕಲಿಲ್ಲ. ಅಳಿದುಹೋಯಿತೆಂದೇ ಹಲವರು ಬಗೆದರು.

1986ರ ಜನವರಿಯಲ್ಲಿ ಕಡಪಾ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ, ಲಂಕಮಲ ಬೆಟ್ಟಗಳ ತಪ್ಪಲಿನಲ್ಲಿ ಹಕ್ಕಿ ಮತ್ತೆ ದೊರೆಯಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರು ಹಳ್ಳಿಗರನ್ನು ವಿಚಾರಿಸುತ್ತ ಹೋಗಿದ್ದರು. ರಾತ್ರಿಯಲ್ಲಿ ದೀಪ ಹಿಡಿದು ಹೋದ ಸ್ಥಳೀಯನೊಬ್ಬನ ಕೈಗೆ ಅದು ಸಿಕ್ಕಿತು. ಅಲ್ಲಿಯವರಿಗೆ ಅದು ಹೊಸತೇನಲ್ಲ; ಕಲಿವಿ ಪೊದೆಯ ಕೋಳಿ ಎಂಬರ್ಥದಲ್ಲಿ ‘ಕಲಿವಿ ಕೋಡಿ’ ಎಂದು ಅವರು ಕರೆಯುತ್ತಿದ್ದರು. ಹಕ್ಕಿ ಇರುಳಿನಲ್ಲಿ ಸಂಚರಿಸುವಂಥದು. ಹಗಲಿನಲ್ಲಿ ಹುಡುಕಿದ್ದರೆ, ಎಷ್ಟು ವರ್ಷ ಹುಡುಕಿದರೇನು?

ಬಳಿಕ ಇನ್ನೊಂದು ಪ್ರಶ್ನೆ ಎದ್ದಿತು. ಈ ಹಕ್ಕಿ ಬೇರೆಲ್ಲಿ ಇದ್ದೀತು? ಕುರುಚಲು ಕಾಡನ್ನೆಲ್ಲ ಹೆಜ್ಜೆಹೆಜ್ಜೆಗೂ ಶೋಧಿಸುವುದು ಆಗದ ಮಾತು. ಆದ್ದರಿಂದ ಹಕ್ಕಿಯಿರುವ ತಾಣಗಳನ್ನೂ ಇಲ್ಲದ ತಾಣಗಳನ್ನೂ ಹೋಲಿಸಿ, ಗಿಡಮರಗಳ ಲಕ್ಷಣವರಿತು ಗಣಿತದಿಂದ ನಕ್ಷೆ ಬರೆಯುತ್ತಾರೆ. ‘ಇದೆ’ ಎನ್ನುವುದು ಸುಲಭ. ಒಮ್ಮೆ ಕಂಡರೆ ಸಾಕು. ‘ಇಲ್ಲ’ ಎನ್ನುವುದೇ ಕಷ್ಟ. ಯಾರೂ ಹೋಗದ ಎಡೆಗಳನ್ನೆಲ್ಲ ‘ಇಲ್ಲ’ವೆಂದು ಬರೆದರೆ, ನಕ್ಷೆ ಹಕ್ಕಿಯ ನೆಲೆಯನ್ನು ತೋರದೆ ಮನುಷ್ಯರು ನಡೆದಾಡಿದ ದಾರಿಯನ್ನು ತೋರೀತು. ಇನ್ನು ನಡುಗಡಲಿನಲ್ಲಿ ಹಕ್ಕಿಯಿಲ್ಲವೆಂದು ಬರೆದುಕೊಂಡರೆ ಲೆಕ್ಕ ಬೆಳೆದೀತು, ಜ್ಞಾನ ಬೆಳೆಯದು. ಇರಬಹುದಾದ ಕಾಡಿನಲ್ಲೇ ಚೆನ್ನಾಗಿ ಹುಡುಕಿ ಕಾಣದಿದ್ದರೆ, ಆ ‘ಇಲ್ಲ’ಕ್ಕೆ ಬೆಲೆ.

ಜೆಗನಾಥನ್ ಮತ್ತು ಅವರ ಸಂಗಡಿಗರು ಇದಕ್ಕೊಂದು ಉಪಾಯ ಮಾಡಿದರು. ಪೊದೆಗಳ ನಡುವೆ ಜರಡಿ ಹಿಡಿದ ನುಣ್ಣನೆಯ ಮಣ್ಣಿನ ಪಟ್ಟಿಗಳನ್ನು ಹಾಸಿದರು. ಇರುಳಿನಲ್ಲಿ ಹಕ್ಕಿ ನಡೆದುಹೋದರೆ ಬೆಳಗಾಗುವಾಗ ಮೂರು ಬೆರಳಿನ ಹೆಜ್ಜೆ ಮೂಡಿರುವುದು. ಹೀಗೆ ಮತ್ತೆಮತ್ತೆ ನೋಡಿಯೂ ಹೆಜ್ಜೆ ಮೂಡದಿದ್ದರೆ ಆ ಶೂನ್ಯವೂ ಒಂದು ಸಾಕ್ಷ್ಯವೇ. ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹಳ ದಟ್ಟವೂ ಬಹಳ ಬಯಲೂ ಅಲ್ಲದ ಕುರುಚಲೇ ಈ ಹಕ್ಕಿಗೆ ಪ್ರಿಯ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ಕೃಷ್ಣೆಯ ನೀರನ್ನು ಮದರಾಸಿಗೊಯ್ಯುವ ತೆಲುಗು ಗಂಗಾ ಯೋಜನೆಯ ಕಾಲುವೆಯ ಅಗೆತ 2005ರಲ್ಲಿ ಈ ಹಕ್ಕಿಯ ನೆಲೆಗೇ ಬಂದಿತು. ಇಲ್ಲಿ ಹಕ್ಕಿಯುಂಟೆಂದು ತೋರಿಸಬಲ್ಲವರು ಇದ್ದುದರಿಂದ ಕಾಲುವೆಯ ದಾರಿ ಬದಲಾಯಿತು. ನೀರೂ ಬೇಕು, ಹಕ್ಕಿಯೂ ಬೇಕು. ದಾರಿ ಹುಡುಕುವುದಕ್ಕೆ ನೆಲೆ ಗೊತ್ತಿರಬೇಕು. ನಕ್ಷೆಯ ಮೇಲೆ ‘ಇಲ್ಲ’ವೆಂದು ಬರೆದ ಜಾಗದಲ್ಲಿ ಗುದ್ದಲಿಗೆ ತಡೆಯಿರುವುದಿಲ್ಲ. ಆದ್ದರಿಂದ ಆ ಎರಡಕ್ಷರವನ್ನು ಬರೆಯುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದೇ: ಇದ್ದಿದ್ದರೆ ನನಗೆ ಕಾಣುತ್ತಿತ್ತೇ?